ಹೊಂಬಾಳೇಗೌಡನ ರಿಸೀವರ್ ದಿಗ್ವಿಜಯ

ಸ್ವಸ್ತಿ. ವಿಘ್ನರಾಜನಾದ ಗಜಮುಖನು ಮೊರದಗಲದ ತನ್ನ ಕಿವಿಗಳನ್ನು ಒಂದಿಷ್ಟು ಇತ್ತ ತಿರುಗಿಸಲಿ, ಏಕೆಂದರೆ ನಾವು ಹೇಳಹೊರಟಿರುವುದು ಕಿವಿಯ ಕಥೆ. ವೀಣಾಪಾಣಿಯಾದ ವಾಗ್ದೇವಿಯು ನಮ್ಮ ನಾಲಿಗೆಯ ಮೇಲೆ ಒಂದು ಗಳಿಗೆ ಕುಳಿತು ಶ್ರುತಿ ಸರಿಮಾಡಿಕೊಟ್ಟು, ಆಮೇಲೆ ಅವಸರವಿದ್ದರೆ ಎದ್ದು ಹೋಗಲಿ. ಕಲಿಯುಗದಲ್ಲಿ, ಭರತಖಂಡದಲ್ಲಿ, ಕಾವೇರೀನಾಲಾಜಲಪರಿಪೋಷಿತವೂ ಇಕ್ಷುದಂಡವನಪರಿವೇಷ್ಟಿತವೂ ಆದ ಮಂಡ್ಯಮಹಾಪಟ್ಟಣದಲ್ಲಿ, ಮನೆಗೆ ಮೂರು ರಿಮೋಟಿದ್ದೂ ಬೇಕಾದಾಗ ಒಂದೂ ಕೈಗೆ ಸಿಗದಂಥ, ಸಿನಿಮಾದೊಳಗಿನ ಬಾಂಬು ಬೀದಿಯ ತುದಿಗೆ ಕೇಳಿಸಿ ಸಿನಿಮಾದೊಳಗಿನ ಮಾತು ಎದುರಿಗೆ ಕುಳಿತವರಿಗೂ ಕೇಳಿಸದಂಥ ಘೋರಕಾಲವೊಂದು ಬಂದೊದಗಿದಾಗ, ಆ ಕಾಲದ ಸೊಂಟ ಮುರಿಯಲೆಂದೇ ಅವತರಿಸಿದ ವೀರನೊಬ್ಬನಿದ್ದನು. ಅವನ ಹೆಸರು ಹೊಂಬಾಳೇಗೌಡ.

ಯಾರು ಈ ಹೊಂಬಾಳೇಗೌಡ ಎಂದು ಕೇಳುವವರು ಮಂಡ್ಯದವರಲ್ಲ. ನೂರಡಿ ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿಯ ಸಿಂಹಾಸನವನ್ನು ಇಪ್ಪತ್ತೈದು ವರ್ಷಗಳಿಂದ ಅಲಂಕರಿಸಿದವನೂ, ದಗ್ಧಮೋಟಾರುಸಂಜೀವನನೂ, ಪಾತಾಳಜಲಾಕರ್ಷಣಧುರಂಧರನೂ, ತ್ರೀಫೇಸ್‌ವಿದ್ಯುನ್ಮತ್ತಗಜಮದಭಂಜನನೂ, ಮೂರು ಸಲ ಕರೆಂಟು ಹೊಡೆಸಿಕೊಂಡೂ ಮೀಸೆಯ ಒಂದೆಳೆಯೂ ಕೊಂಕದವನೂ ಆದ ಆ ಮಹಾಪುರುಷನಿಗೆ ಜಗತ್ತಿನಲ್ಲಿ ಹೆದರಿಕೆಯೆಂಬುದು ಹೆಂಡತಿಯೊಬ್ಬಳ ಬಳಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಆ ಹೆಂಡತಿಯೇ ಜಯಶೀಲೆ. ಪ್ರೌಢಶಾಲಾಗಣಿತಸಿಂಹಿಣಿ, ದಶಮತರಗತಿಭಯಂಕರಿ. ಒಮ್ಮೆ ಅಂಕ ಕೊಟ್ಟರೆ ಮರುಮೌಲ್ಯಮಾಪನವಿಲ್ಲ ಎಂಬ ವ್ರತವನ್ನು ಶಾಲೆಯಲ್ಲಿ ಹಿಡಿದಂತೆ ಮನೆಯಲ್ಲೂ ಹಿಡಿದವಳು.

ಇನ್ನು ಈ ಕಥೆಗೆ ಮೂಲಕಾರಣರಾದ ಮೂರನೆಯವರು ಗೌಡನ ತಾಯಿ ದೇವೀರಮ್ಮ. ಎಂಬತ್ತು ಮುಟ್ಟಿದ ಮುದುಕಿ. ಹಲ್ಲು ಹೋಗಿತ್ತು, ಮಾತು ಹೋಗಿರಲಿಲ್ಲ. ಅವರಿಗೆ ಭಾನುವಾರ ಮಧ್ಯಾಹ್ನ ಉಂಡಾದ ಮೇಲೆ ಹಾಲಿನಲ್ಲಿ ಕುಳಿತು ಒಂದು ಹಳೆಯ ಕಪ್ಪುಬಿಳುಪು ಸಿನಿಮಾ ನೋಡದಿದ್ದರೆ ವಾರವೇ ತುಂಬಿದಂತಾಗುತ್ತಿರಲಿಲ್ಲ. ಹಪ್ಪಳದಷ್ಟು ತೆಳ್ಳಗಿನ ಹೊಸ ಟಿವಿ ಮನೆಗೆ ಬಂದದ್ದೇ ಬಂದದ್ದು, ಆ ಸುಖಕ್ಕೆ ಕಲ್ಲು ಬಿತ್ತು. ಅದರ ಸದ್ದು ಬೆನ್ನಿನಿಂದ ಹೊರಟು ಗೋಡೆಗೆ ತನ್ನ ಕಷ್ಟಸುಖ ಹೇಳಿಕೊಳ್ಳುತ್ತಿತ್ತೇ ಹೊರತು ಮನುಷ್ಯರಿಗೆ ಹೇಳುತ್ತಿರಲಿಲ್ಲ. ಮುದುಕಿ ಎರಡು ಭಾನುವಾರ ಕಿವಿಗೊಟ್ಟು ನೋಡಿ, ಬಾಯಲ್ಲಿ ಬೆಣ್ಣೆ ಮಡಿಕಂಡು ಮಾತಾಡ್ತವೆ ಇವು ಎಂದು ತೀರ್ಪಿತ್ತು, ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಹಾಲಿನಲ್ಲಿ ಗೌಡನೊಬ್ಬನೇ ಉಳಿದನು. ಅವ್ವನಿಲ್ಲದ ಭಾನುವಾರದ ಮಧ್ಯಾಹ್ನ ಅವನಿಗೆ ಬಹಳ ಬೇಜಾರಾಗುತ್ತಿತ್ತು. ಅದನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ, ಅದಕ್ಕೇ ನಾವು ಹೇಳುತ್ತಿದ್ದೇವೆ.

ಆದರೆ ಕವಿಯಾದವನು ನಾಯಕನ ಪರವಾಗಿ ಸುಳ್ಳು ಹೇಳಬಾರದು. ಇನ್ನೊಂದು ಕಾರಣವೂ ಇತ್ತು. ಮೈಸೂರಿನಲ್ಲಿ ಗೆಳೆಯನೊಬ್ಬನ ಮನೆಗೆ ಹೋದಾಗ ಅಲ್ಲಿದ್ದ ಒಂದು ಯಂತ್ರದ ಮಹಿಮೆಯಿಂದ ಸಿನಿಮಾದ ಹೆಲಿಕಾಪ್ಟರು ಗೌಡನ ಬೆನ್ನಹಿಂದೆ ಹುಟ್ಟಿ, ನೆತ್ತಿಯ ಮೇಲೆ ಹಾದು, ಎದುರಿನ ಪರದೆಯಲ್ಲಿ ಮೂಡಿತ್ತು. ಗೌಡನು ಸಹಜವಾಗಿಯೇ ತಲೆ ಬಗ್ಗಿಸಿದ್ದನು. ಬಗ್ಗಿಸಿದ ತಲೆಯೊಳಗೆ ಆಸೆಯ ಹುಳು ಹೊಕ್ಕಿತು. ಹಗ್ಗಕ್ಕೆ ಎರಡು ಎಳೆ ಹೊಸೆಯುವಂತೆ ಈ ಆಸೆಯೂ ಅವ್ವನ ಮೇಲಿನ ಅಕ್ಕರೆಯೂ ಒಂದಕ್ಕೊಂದು ಹೊಸೆದುಕೊಂಡು, ಯಾವುದು ಯಾವುದೆಂದು ಅವನಿಗೇ ಬಿಡಿಸಲಾಗದ ಸ್ಥಿತಿ ಬಂದಿತು.

ಹೀಗಿರಲಾಗಿ ಶ್ರಾವಣದ ಒಂದು ಶುಕ್ರವಾರ, ಇಬ್ಬರು ಭಟರಿಂದ ಹೊರಿಸಲ್ಪಟ್ಟು, ಹೊಸ್ತಿಲಲ್ಲಿ ಎರಡು ಸಲ ತಗುಲಿ, ಆ ಮಹಾಯಂತ್ರವು ಗೃಹಪ್ರವೇಶ ಮಾಡಿತು. ಏನೆಂದು ವರ್ಣಿಸೋಣ! ಕೃಷ್ಣಲೋಹಕಾಯ, ನೀಲಾಂಕಭಾಸುರಲಲಾಟ, ಅಸಂಖ್ಯರಂಧ್ರಮಂಡಿತಪೃಷ್ಠ, ನಾನಾವರ್ಣತಂತುಜಟಾಜೂಟ. ಲೋಕದ ಜನ ಅದನ್ನು ರಿಸೀವರ್ ಎನ್ನುತ್ತಾರೆ. ಟಿವಿಯ ಶಬ್ದವನ್ನೆಲ್ಲ ತಾನು ಒಳಗೆಳೆದುಕೊಂಡು, ಮಾತನ್ನು ಮುಂದಿನ ಸ್ಪೀಕರಿಗೆ, ಮಳೆಯನ್ನು ಮಾಳಿಗೆಯ ಸ್ಪೀಕರಿಗೆ, ಕಳ್ಳಹೆಜ್ಜೆಯನ್ನು ಬೆನ್ನ ಹಿಂದಿನ ಸ್ಪೀಕರಿಗೆ, ಗುಡುಗನ್ನು ಮೂಲೆಯಲ್ಲಿ ಕುಕ್ಕರಿಸಿದ ಸಬ್‌ವೂಫರಿಗೆ ಹಂಚಿಕೊಡುವ ಮಹಾಮಂತ್ರಿಯೇ ಅದು. ಜೊತೆಯಲ್ಲಿ ಸ್ಪೀಕರುಗಳೂ ಬಂದವು. ಹಾಲಿನಲ್ಲಿ ಕಾಲಿಡಲು ಜಾಗವಿಲ್ಲದಾಯಿತು.

ಶಾಲೆಯಿಂದ ಬಂದ ಜಯಶೀಲೆಯು ಬಾಗಿಲಲ್ಲೇ ನಿಂತು ಈ ಸೈನ್ಯವನ್ನು ಒಮ್ಮೆ ಎಡದಿಂದ ಬಲಕ್ಕೂ ಒಮ್ಮೆ ಬಲದಿಂದ ಎಡಕ್ಕೂ ನೋಡಿದಳು. ಒಳಗೆ ಅಕ್ಕಿ ಡಬ್ಬಕ್ಕೆ ಮುಚ್ಚಳ ತರಲು ತಿಂಗಳಿನಿಂದ ಹೇಳುತ್ತಿದ್ದೇನೆ, ಅದಾಗಲಿಲ್ಲ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬಂತು ಎಂದು ಶುರುಮಾಡಿ, ಸಂಸಾರದ ಪೂರ್ವಚರಿತ್ರೆಯನ್ನೆಲ್ಲ ಒಂದು ಸುತ್ತು ಹಾಕಿ ಬಂದಳು. ಗೌಡನು ಮಳೆಗೆ ನಿಂತ ಕೋಣದಂತೆ ಅಲುಗಾಡದೆ ನಿಂತನು. ಕೊನೆಗೆ ಅವಳು ಉಸಿರು ತೆಗೆದುಕೊಳ್ಳುವ ಸಂಧಿಯನ್ನು ನೋಡಿ, ಬತ್ತಳಿಕೆಯಲ್ಲಿದ್ದ ಒಂದೇ ಒಂದು ಅಸ್ತ್ರವನ್ನು ಬಿಟ್ಟನು.

“ಅವ್ವಂಗೆ ಮಾತು ಸರ್ಯಾಗಿ ಕೇಳಿಸ್ಲಿ ಅಂತ ತಂದೆ ಕಣೆ.”

ಜಯಶೀಲೆಯು ಕೈಚೀಲವನ್ನು ಕೆಳಗಿಟ್ಟಳು. ಅತ್ತೆಯ ವಿಷಯ ಬಂದರೆ ಅವಳದೂ ಮೆತ್ತನೆಯ ಮನಸ್ಸೇ. ಆದರೆ ಗಣಿತದವರು ಸಾಧನೆಯಿಲ್ಲದೆ ಯಾವ ಹೇಳಿಕೆಯನ್ನೂ ಒಪ್ಪುವುದಿಲ್ಲ. ಅವಳು ಕೇಳಿ ತಿಳಿದುಕೊಂಡಳು: ಅಂಗಡಿಯವನು ಸೋಮವಾರದವರೆಗೆ ಬೇಡವೆಂದರೆ ವಾಪಸು ತೆಗೆದುಕೊಳ್ಳುತ್ತಾನೆ. ಕೇಳಿದವಳು ಕರಾರು ಹಾಕಿದಳು.

“ಭಾನುವಾರ ಅತ್ತೆ ಕೂತ್ಕೊಂಡು ಸಿನಿಮಾ ಪೂರ್ತಿ ನೋಡ್ಲಿ. ಮುಗಿದ್ಮೇಲೆ ನಾನು ಕೇಳ್ತೀನಿ, ಯಾರು ಏನಂದ್ರು ಅಂತ. ಅವ್ರು ಹೇಳಿದ್ರೆ ಪೆಟ್ಟಿಗೆ ಇಲ್ಲೇ ಇರುತ್ತೆ. ಹೇಳದೆ ಹೋದ್ರೆ ಸೋಮವಾರ ಬೆಳಿಗ್ಗೆ ಅಂಗಡಿಗೆ.”

ಗೌಡನು ಮೀಸೆಯ ಮೇಲೆ ಕೈಹಾಕಿ ಒಪ್ಪಿದನು. ಕೇಳಿದಿರಲ್ಲ, ಪಣ ಇದು. ಗೆದ್ದರೆ ಯಂತ್ರವೂ ಉಂಟು, ಹಾಲಿನಲ್ಲಿ ಅವ್ವನೂ ಉಂಟು. ಸೋತರೆ ಎರಡೂ ಇಲ್ಲ.

ಶನಿವಾರವಿಡೀ ತಂತಿಯುದ್ಧ ನಡೆಯಿತು. ಪಂಪ್‌ಸೆಟ್ಟಿನ ದಪ್ಪ ಕೇಬಲುಗಳನ್ನು ಹಾವಾಡಿಗನಂತೆ ಆಡಿಸಿದ ಕೈಗಳು ಈ ಕೂದಲೆಳೆಯ ವೈರುಗಳ ಮುಂದೆ ಬೆವರಿದವು. ಕೆಂಪಿಗೆ ಕೆಂಪು, ಕರಿದಕ್ಕೆ ಕರಿದು ಎಂಬ ಮಹಾಮಂತ್ರವನ್ನು ಜಪಿಸುತ್ತ, ಹೊಟ್ಟೆಯ ಮೇಲೆ ಮಲಗಿ ಟಿವಿ ಮೇಜಿನ ಹಿಂದಿನ ಧೂಳೆಂಬ ದಂಡಕಾರಣ್ಯವನ್ನು ಹೊಕ್ಕು, ಕಳೆದುಹೋಗಿದ್ದ ಒಂದು ರಿಮೋಟನ್ನೂ ಜಯಶೀಲೆಯ ಒಂದು ಓಲೆಯ ತಿರುಪನ್ನೂ ಸೆರೆಹಿಡಿದುಕೊಂಡು ಸಂಜೆಗೆ ಹೊರಬಂದನು. ತಿರುಪು ಸಿಕ್ಕಿದ್ದಕ್ಕೆ ಜಯಶೀಲೆಯ ಮುಖ ಒಂದು ಗಳಿಗೆ ಅರಳಿತು. ಕರಾರು ಮಾತ್ರ ಸಡಿಲವಾಗಲಿಲ್ಲ.

ಭಾನುವಾರ ಬೆಳಗಾಯಿತು. ಈಗ ಉಳಿದದ್ದು ಒಂದೇ, ಆದರೆ ಎಲ್ಲಕ್ಕಿಂತ ಕಠಿಣವಾದದ್ದು. ಈ ಯಂತ್ರಕ್ಕೆ ಒಂದು ಮೈಕು ಉಂಟು. ಕೇಳುವವರ ತಲೆ ಎಲ್ಲಿರುತ್ತದೋ ಸರಿಯಾಗಿ ಅಲ್ಲಿ, ಕಿವಿಯ ಎತ್ತರಕ್ಕೆ, ಮೂರುಕಾಲಿನ ಪೀಠದ ಮೇಲೆ ಅದನ್ನು ನಿಲ್ಲಿಸಬೇಕು. ಆಗ ಯಂತ್ರವು ಒಂದೊಂದು ಸ್ಪೀಕರಿನಿಂದಲೂ ಟುಯ್ ಟುಯ್ ಎಂದು ಕೂಗಿ, ಆ ಕೂಗು ಮೈಕಿಗೆ ಹೇಗೆ ಬಂದು ತಲುಪಿತೆಂದು ತಾನೇ ಕೇಳಿಸಿಕೊಂಡು, ಮನೆಯ ಗೋಡೆ, ಪರದೆ, ಬೀರುಗಳ ಗುಣಾವಗುಣಗಳನ್ನೆಲ್ಲ ಅಳೆದು, ಯಾವ ಸ್ಪೀಕರು ಎಷ್ಟು ಬಾಯಿಬಿಡಬೇಕೆಂದು ಆಜ್ಞೆ ಮಾಡುತ್ತದೆ. ಈ ಅಳತೆ ನಡೆಯುವಷ್ಟು ಹೊತ್ತು ಮನೆಯಲ್ಲಿ ಪಿಟ್ಟೆನ್ನಬಾರದು. ಬೇರೊಂದು ಸದ್ದು ಕಿವಿಗೆ ಬಿತ್ತೋ, ಯಂತ್ರವು ಮುನಿದು ಮೊದಲಿನಿಂದ ಶುರುಮಾಡುತ್ತದೆ.

ಅಯ್ಯಾ, ಭಾನುವಾರದ ಬೆಳಿಗ್ಗೆ ಮಂಡ್ಯದಲ್ಲಿ ನಿಶ್ಶಬ್ದ! ಹಾವಿನ ಕಾಲು, ಮೊಲದ ಕೊಂಬು ಬೇಕಾದರೆ ಹುಡುಕಿಕೊಡಬಹುದು. ಆದರೂ ವೀರನು ಹಿಂಜರಿಯಲಿಲ್ಲ. ಹೊಸ ಸೋಫಾದ ಸರಿಮಧ್ಯದಲ್ಲಿ, ರಾಜಾಧಿರಾಜನ ತಲೆ ಬರುವಲ್ಲಿ ಮೈಕನ್ನು ಪ್ರತಿಷ್ಠಾಪಿಸಿ, ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿ, ಅಡುಗೆಮನೆಯ ದ್ವಾರದಲ್ಲಿ ನಿಂತು ಹೀಗೆ ಗರ್ಜಿಸಿದನು: “ಎಲೈ ಗೃಹವಾಸಿಗಳಿರಾ, ಜಡಚೇತನಗಳಿರಾ, ಕೇಳಿರಿ! ಈ ಹೊಂಬಾಳೇಗೌಡನು ಶಬ್ದಪ್ರಪಂಚದ ಮೇಲೆ ಸಮರ ಸಾರಿದ್ದಾನೆ! ಇಂದು ಈ ಮನೆಯಲ್ಲಿ ಲೋಟ ಬಿದ್ದರೆ ಲೋಟದ ಕುಲ ನಿರ್ಮೂಲ! ನಲ್ಲಿ ತೊಟ್ಟಿಕ್ಕಿದರೆ ನಲ್ಲಿಗೆ ನಾನೇ ಯಮ! ಸೂರ್ಯನು ಪಡುವಣದಲ್ಲಿ ಮೂಡಿದರೂ ಮೂಡಲಿ, ಅಳತೆ ಮುಗಿಯುವವರೆಗೆ ಸೊಳ್ಳೆಯೂ ರೆಕ್ಕೆ ಬಡಿಯಕೂಡದು!” ಎಂದು ಅವನು ಗರ್ಜಿಸಿದ್ದು ಮನಸ್ಸಿನಲ್ಲಿ. ಬಾಯಲ್ಲಿ ಬಂದದ್ದು ಇಷ್ಟೇ, ಒಂದೈದು ನಿಮ್ಷ ಸದ್ದು ಮಾಡ್ಬೇಡ ಕಣೆ ಜಯ.

ಜಯಶೀಲೆ ಆಗಲಿ ಎಂದಳು. ಆದರೆ ಒಲೆಯ ಮೇಲಿದ್ದವಳು ಎನ್ನಲಿಲ್ಲ. ಯಂತ್ರವು ಮೊದಲ ಟುಯ್ ಎನ್ನುವಷ್ಟರಲ್ಲಿ, ಬಾಷ್ಪಗರ್ಭಿಣಿಯೂ ತೊಗರಿಬೇಳೆಪರಿಪೂರಿತೆಯೂ ಆದ ಕುಕ್ಕರೆಂಬ ರಾಕ್ಷಸಿಯು ದಿಕ್ಕುದಿಕ್ಕುಗಳು ನಡುಗುವಂತೆ ಸೀಟಿ ಹೊಡೆದಳು. ಟಿವಿ ಪರದೆಯ ಮೇಲೆ, ಗದ್ದಲ ಹೆಚ್ಚಾಗಿದೆ, ಮತ್ತೆ ಪ್ರಯತ್ನಿಸಿ ಎಂಬ ಶಾಪವಾಕ್ಯ ಮೂಡಿತು. ಗೌಡನು ಬಾಣದಂತೆ ಅಡುಗೆಮನೆಗೆ ನುಗ್ಗಿ ಗ್ಯಾಸಿನ ಕಿವಿ ತಿರುಚಿದನು. ಎರಡು ಸೀಟಿ ಬಾಕಿಯಿದೆ, ಬೇಳೆ ಬೇಯದೆ ಸಾರು ಆಗುವುದಿಲ್ಲ, ಸಾರಾಗದೆ ಊಟವಿಲ್ಲ, ಊಟವಿಲ್ಲದೆ ಅತ್ತೆ ಸಿನಿಮಾಕ್ಕೆ ಕೂರುವುದಿಲ್ಲ ಎಂದು ಜಯಶೀಲೆಯು ಪ್ರಮೇಯದ ಹಾಗೆ ಹಂತಹಂತವಾಗಿ ಸಾಧಿಸಿ ತೋರಿಸಿದಳು. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ವೀರನು ತಾನೇ ಗ್ಯಾಸು ಹಚ್ಚಿ, ಆ ಎರಡು ಸೀಟಿಗಳಿಗಾಗಿ ಒಲೆಯ ಮುಂದೆ ಕೈಕಟ್ಟಿ ನಿಂತನು.

ಎರಡನೆಯ ಯುದ್ಧ ಬೀದಿಯಲ್ಲಿ. ಕುಕ್ಕರು ತಣ್ಣಗಾಗಿ, ಯಂತ್ರವು ಎಡಗಡೆಯ ಸ್ಪೀಕರನ್ನು ಅಳೆದು ನಡುವಿನದಕ್ಕೆ ಬಂದಿತ್ತು. ಅಷ್ಟರಲ್ಲಿ ತ್ರಿಚಕ್ರರಥಾರೂಢನೂ ಶಾಕಸಂಭಾರಸಂಪನ್ನನೂ ಧ್ವನಿವರ್ಧಕಧ್ವಜನೂ ಆದ ತರಕಾರಿ ಮಾದೇವನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡನು. ಅವನು ಬಾಯಿ ತೆರೆಯುತ್ತಿರಲಿಲ್ಲ, ಅವನ ಆಟೋ ತೆರೆಯುತ್ತಿತ್ತು. ಟೊಮ್ಯಾಟೋ, ಈರುಳ್ಳಿ, ಬೀನ್ಸು, ನುಗ್ಗೇಕಾಯಿ ಎಂದು ಒಮ್ಮೆ ಮುದ್ರಿಸಿದ ಕೂಗು ಬೆಳಗಿನಿಂದ ಸಂಜೆಯ ತನಕ ದಣಿವಿಲ್ಲದೆ ಸುತ್ತುತ್ತಿತ್ತು. ಗೌಡನು ಗೇಟು ತೆಗೆದು ಬರಿಗಾಲಲ್ಲಿ ಓಡಿ ರಥಕ್ಕೆ ಅಡ್ಡನಿಂತನು. ಒಂದು ಗಳಿಗೆ ಇಬ್ಬರು ವೀರರೂ ಒಬ್ಬರನ್ನೊಬ್ಬರು ಎವೆಯಿಕ್ಕದೆ ನೋಡಿದರು.

ಮಾದೇವನೂ ಸಾಮಾನ್ಯನಲ್ಲ. ಈ ಬೀದಿಯಲ್ಲಿ ಮೈಕು ಆರಿಸಿದರೆ ಮುಂದಿನ ಬೀದಿಯವರಿಗೆ ತಾನು ಬಂದದ್ದೇ ತಿಳಿಯುವುದಿಲ್ಲ, ಬದನೆಕಾಯಿ ಬಾಡುತ್ತದೆ, ಬೇಕಾದರೆ ವ್ಯಾಪಾರ ಮಾಡಿ, ವ್ಯಾಪಾರವಾಗುವಾಗ ಮಾತ್ರ ತಾನು ಮೈಕು ಆರಿಸುವುದು ರೂಢಿ ಎಂದು ವಿನಯದಿಂದಲೇ ಖಡಾಖಂಡಿತವಾಗಿ ಹೇಳಿದನು. ಸಂಧಿಯಾಯಿತು. ಗೌಡನು ಒಳಗೊಂದು ಕಿವಿಯಿಟ್ಟುಕೊಂಡು, ಒಳಗಿನಿಂದ ಟುಯ್ ಎಂಬ ದನಿ ಬರುತ್ತಿರುವಷ್ಟು ಹೊತ್ತೂ ಪಿಸುದನಿಯಲ್ಲಿ ತರಕಾರಿ ಆರಿಸಿದನು. ಬೆಂಡೆಯ ತುದಿ ಮುರಿದು ನೋಡಿದರೆ ಸದ್ದಾಗುತ್ತದೆಂದು ಮುರಿಯದೆ ಕೊಂಡನು. ಮಾದೇವನೂ ತಕ್ಕಡಿಯಲ್ಲಿ ಸದ್ದಿಲ್ಲದೆ ತೂಗಿದನು. ಯುದ್ಧದ ಕೊನೆಗೆ ವೀರನು ಎರಡು ತೋಳುಗಳಲ್ಲಿ ಒಂದು ಇಡೀ ಸಿಹಿಗುಂಬಳಕಾಯಿಯನ್ನು ಅಪ್ಪಿಕೊಂಡು ಒಳಗೆ ಬಂದನು. ಆ ಮನೆಯಲ್ಲಿ ಕುಂಬಳಕಾಯಿ ಯಾರಿಗೂ ಸೇರುತ್ತಿರಲಿಲ್ಲ.

ಕುಂಬಳಕಾಯಿಯ ಋಣಕ್ಕೆ ಮಾದೇವನು ಮೈಕು ಆರಿಸಿಕೊಂಡೇ ಬೀದಿ ದಾಟಿದನು. ಅಳತೆ ಮುಕ್ಕಾಲು ಮುಗಿದಿತ್ತು. ಇನ್ನು ಬೆನ್ನ ಹಿಂದಿನ ಎರಡು ಸ್ಪೀಕರು ಮಾತ್ರ ಬಾಕಿ. ಜಯಶೀಲೆ ಉಸಿರು ಬಿಗಿಹಿಡಿದು ನಿಂತಿದ್ದಳು. ಪಾಪ, ಎಷ್ಟೆಂದರೂ ಕೈಹಿಡಿದವಳು. ದೇವೀರಮ್ಮ ಕೆಮ್ಮು ಬಂದದ್ದನ್ನು ಸೆರಗಿನಲ್ಲಿ ಅದುಮಿಕೊಂಡರು. ಬೀದಿಯ ನಾಯಿ ಮಲಗಿತ್ತು. ಆಗ ಯಾವ ಶತ್ರುವೂ ಊಹಿಸದ ದಿಕ್ಕಿನಿಂದ, ಎಂದರೆ ವೀರನ ಸ್ವಂತ ಅಂಗಿಯ ಜೇಬಿನಿಂದ, ಅವನದೇ ಮೊಬೈಲು ಡೋಲು ನಾಗಸ್ವರದೊಡನೆ ಹಾಡತೊಡಗಿತು. ಹಳ್ಳಿಯ ಗಿರಾಕಿಯೊಬ್ಬರ ಮೋಟಾರು ಸುಟ್ಟಿತ್ತು. ಅವನು ಮೊಬೈಲನ್ನು ಅಕ್ಕಿಯ ಡಬ್ಬದೊಳಗೆ ಹೂತು, ಡಬ್ಬಕ್ಕೆ ಮುಚ್ಚಳವಿಲ್ಲದ್ದರಿಂದ ಮೇಲೊಂದು ತಟ್ಟೆ ಮುಚ್ಚಿ, ಮತ್ತೆ ಮೊದಲಿನಿಂದ ಶುರುಮಾಡಿದನು.

ಈ ಸಲ ದೈವ ಕಣ್ತೆರೆಯಿತು. ಕಾಗೆ ಕೂಗಲಿಲ್ಲ, ಕೊಳಾಯಿ ಕೆಮ್ಮಲಿಲ್ಲ. ಪರದೆಯ ಮೇಲೆ ಅಳತೆ ಮುಗಿಯಿತೆಂಬ ಶುಭವಾರ್ತೆ ಮೂಡಿತು. ಹೊಂಬಾಳೇಗೌಡನು ಮೈಕನ್ನು ಎತ್ತಿಟ್ಟು, ಮೈಕಿದ್ದ ಜಾಗದಲ್ಲಿಯೇ ತನ್ನ ತಲೆಯನ್ನು ಸ್ಥಾಪಿಸಿ, ಒಂದು ಹಳೆಯ ನಾಗಸ್ವರದ ಹಾಡನ್ನು ಹಾಕಿ ಕಣ್ಣು ಮುಚ್ಚಿದನು.

ಇಲ್ಲಿ ಮಾತ್ರ ನಾವು ತಮಾಷೆ ಮಾಡುವುದಿಲ್ಲ. ಅಂಥ ಸುಖವನ್ನು ಅವನು ಅದುವರೆಗೆ ಕಂಡಿರಲಿಲ್ಲ. ನಾಗಸ್ವರ ಊದುವವನು ಎದುರಿಗೇ ಕುಳಿತು, ಊದುವ ಮೊದಲು ಮೂಗಿನಿಂದ ಉಸಿರೆಳೆದುಕೊಂಡದ್ದು ಕೇಳಿಸಿತು. ಡೋಲಿನವನು ಕೋಲು ಬದಲಾಯಿಸಿದ್ದು ಕೇಳಿಸಿತು. ದೂರದಲ್ಲಿ ಯಾರೋ ತಲೆದೂಗಿ ಹ್ಞೂಂ ಎಂದದ್ದೂ ಕೇಳಿಸಿತು. ಆ ಮನುಷ್ಯ ಸತ್ತು ಎಷ್ಟು ವರ್ಷವಾಯಿತೋ, ಅವನ ಹ್ಞೂಂಕಾರ ಮಂಡ್ಯದ ಒಂದು ಹಾಲಿನಲ್ಲಿ ಇನ್ನೂ ಬೆಚ್ಚಗಿತ್ತು. ಗೌಡನ ಕಣ್ಣಲ್ಲಿ ನೀರು ಬಂತು. ಅವ್ವನಿಗೆ ಇದನ್ನೆಲ್ಲ ಕೇಳಿಸುತ್ತೇನೆ, ಇನ್ನು ಅವಳು ಗೋಡೆಗೆ ಮುಖ ಮಾಡಿ ಮಲಗುವುದು ಬೇಡ ಎಂದುಕೊಂಡನು.

ಊಟವಾಯಿತು. ಸಾರು ಚೆನ್ನಾಗಿತ್ತು. ಕೈತೊಳೆದ ವೀರನು ಒಳಕೋಣೆಗೆ ಹೋಗಿ, ಏಳವ್ವ, ನೋಡು ಬಾ ಎಂದು ತಾಯಿಯ ಕೈಹಿಡಿದು ಹಾಲಿಗೆ ಕರೆತಂದನು. ದೇವೀರಮ್ಮ ನಿಧಾನವಾಗಿ ಬಂದರು. ಬಂದು, ಸೋಫಾವನ್ನು ಒಮ್ಮೆ ನೋಡಿ, ಅದರ ಪಕ್ಕದಲ್ಲಿ ಹಾದು, ಗೋಡೆಯ ಬದಿಗೆ ಹೋಗಿ ನೆಲದ ಮೇಲೆ ಕಾಲು ನೀಡಿ ಕುಳಿತುಬಿಟ್ಟರು.

ಅಯ್ಯೋ ಹೊಂಬಾಳೇಗೌಡ! ಸಜ್ಜನರೇ, ಈ ಮನೆಯ ಒಂದು ರಹಸ್ಯವನ್ನು ಈಗ ಹೇಳದೆ ವಿಧಿಯಿಲ್ಲ. ಆ ಸೋಫಾದ ಮೇಲೆ ಯಾರೂ ಕೂರುತ್ತಿರಲಿಲ್ಲ. ನಿಮ್ಮ ಮನೆಯ ಸೋಫಾದ ಮೇಲೆ ನೀವು ಕೂರುತ್ತೀರೋ? ಎದೆ ಮುಟ್ಟಿ ಹೇಳಿ. ಅದು ಬಂದವರಿಗೆ. ಮನೆಯವರೆಲ್ಲ ನೆಲದ ಮೇಲೆ ಕೂತು, ಅದಕ್ಕೆ ಬೆನ್ನು ಒರಗಿಸಿ, ಅದರ ಮೇಲೆ ಒಗೆದ ಬಟ್ಟೆ ಮಡಿಸಿಡುವವರೇ. ಆ ಹೊತ್ತಿಗೆ ಜಯಶೀಲೆಯೂ ಬೆಂಡೆಕಾಯಿ ಹೆಚ್ಚಲು ಮಣೆ ತಂದು ಸೋಫಾಕ್ಕೆ ಒರಗಿ ನೆಲದ ಮೇಲೇ ಕುಳಿತಿದ್ದಳು. ಕುಕ್ಕರನ್ನು ಅಡಗಿಸಿ, ಮಾದೇವನನ್ನು ನಿಲ್ಲಿಸಿ, ಬೆಳಗೆಲ್ಲ ಬೆವರು ಹರಿಸಿ ಅಳೆದದ್ದು ಯಾವ ಕಿವಿಗಾಗಿ? ಯಾರೂ ಇಲ್ಲದ ಖಾಲಿ ಜಾಗದ ಕಿವಿಗಾಗಿ. ದೇವೀರಮ್ಮನ ಕಿವಿಯಿದ್ದದ್ದು ಅಲ್ಲಿಂದ ಎರಡು ಮೊಳ ಕೆಳಗೆ, ನಾಲ್ಕು ಮೊಳ ಪಕ್ಕದಲ್ಲಿ, ನಡುವೆ ಟೀಪಾಯಿ ಅಡ್ಡ.

ಗೌಡನು ಸೋಫಾದ ಮೇಲೆ ಕೂರೆಂದು ಗೋಗರೆದನು. ಮೆತ್ತಗಿದೆ ಎಂದನು, ದಿಂಬು ಕೊಡುತ್ತೇನೆ ಎಂದನು.

“ಕಾಲು ಜೋತು ಬಿದ್ರೆ ಊತ್ಕತವೆ ಕನ್ಲಾ,” ಎಂದರು ದೇವೀರಮ್ಮ. “ನೀ ಹಾಕು, ಇಲ್ಲೇ ಚೆಂದಾಗದೆ.”

ಮತ್ತೆ ಅಳೆಯೋಣವೆಂದರೆ ಹೊತ್ತಿರಲಿಲ್ಲ. ಆಗಲೇ ಅವ್ವನ ಕಣ್ಣಿಗೆ ಜೊಂಪು ಹತ್ತುತ್ತಿತ್ತು. ಹೊರಗೆ ನಾಯಿ ಎದ್ದಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತೆಂದು ನಿಟ್ಟುಸಿರಿಟ್ಟು ವೀರನು ಚಿತ್ರವನ್ನು ಶುರುಮಾಡಿದನು. ಅದು ಅವನು ಎಳೆವಯಸ್ಸಿನಿಂದ ಎಷ್ಟೋ ಸಲ ನೋಡಿದ, ಜಯಶೀಲೆಯೂ ನೋಡಿದ್ದ, ಅಣ್ಣತಮ್ಮಂದಿರು ಬೇರೆಯಾಗುವ ಕಣ್ಣೀರಿನ ಕಥೆ. ದೊಡ್ಡಣ್ಣ ಏನೋ ಹೇಳಿದನು. ದೇವೀರಮ್ಮ ಕತ್ತು ಮುಂದೆ ಚಾಚಿದರು. ತಮ್ಮ ಏನೋ ಉತ್ತರಿಸಿದನು. ಮುದುಕಿ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. ಗೌಡನು ರಿಮೋಟನ್ನೆತ್ತಿ ಸದ್ದು ಏರಿಸಿದನು. ಇನ್ನೂ ಏರಿಸಿದನು. ಆ ವೇಳೆಗೆ ಸರಿಯಾಗಿ ಚಿತ್ರದಲ್ಲಿ ಮಳೆ ಬಂತು, ಗುಡುಗು ಬಂತು. ಸಬ್‌ವೂಫರೆಂಬ ಕೂರ್ಮಪೃಷ್ಠನು ನೆಲದ ಅಡಿಯಿಂದ ಗುದ್ದಿದನು. ಶೋಕೇಸಿನ ಗಾಜು ಜಣಜಣಿಸಿತು, ಹೆಚ್ಚಿದ ಬೆಂಡೆಕಾಯಿ ಮಣೆಯಿಂದ ಉರುಳಿತು, ಮುದುಕಿ ಎರಡೂ ಕಿವಿ ಮುಚ್ಚಿಕೊಂಡರು. ಸದ್ದು ಇಳಿಸಿದರೆ ಮಾತಿಲ್ಲ, ಏರಿಸಿದರೆ ಮನೆ ಉಳಿಯುವುದಿಲ್ಲ. ಜಯಶೀಲೆಯು ತಲೆಯೆತ್ತಿ ಗಂಡನ ಮುಖವನ್ನು ನೋಡಿದಳು, ಮತ್ತೆ ತಲೆ ತಗ್ಗಿಸಿ ಹೆಚ್ಚತೊಡಗಿದಳು. ಸೋಲು ಅಲ್ಲಿಯೇ ಕಣ್ಣಿಗೆ ಕಂಡಿತು.

ದೇವೀರಮ್ಮ ಎರಡೂ ಕೈ ನೆಲಕ್ಕೂರಿದರು. ಎದ್ದು ಒಳಕೋಣೆಗೆ ಹೋಗುವ ಸನ್ನಾಹ ಅದು. ಯಂತ್ರ ಹೋದರೆ ಹೋಗಲಿ, ಅವ್ವ ಏಳಬಾರದು ಎಂದು ಗೌಡನಿಗೆ ಅನ್ನಿಸಿದ್ದು ಆ ಕ್ಷಣದಲ್ಲಿ, ಸ್ಪಷ್ಟವಾಗಿ. ಅವನು ಸೋಫಾ ಎಂಬ ಸಿಂಹಾಸನದಿಂದ ದಡಕ್ಕನೆ ಇಳಿದು, ಟೀಪಾಯಿಯನ್ನು ಕಾಲಲ್ಲಿ ಸರಿಸಿ, ತಾಯಿಯ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತು, ಅವರ ಕಿವಿಯ ಹತ್ತಿರ ಬಾಯಿಟ್ಟನು.

“ಅವ್ನು ಮನೆ ಬುಟ್ಟು ಓಯ್ತೀನಿ ಅಂತವ್ನೆ ಕನವ್ವ.”

“ಯಾರ್ಲಾ, ಚಿಕ್ಕೋನಾ?”

“ಚಿಕ್ಕೋನೆ.”

ಮುದುಕಿ ನೆಲಕ್ಕೂರಿದ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

ಅಲ್ಲಿಂದ ಮುಂದೆ ನಡೆದದ್ದು ಯಾವ ತಂತ್ರಜ್ಞನೂ ಕಂಡರಿಯದ ಮಹಾಪ್ರಯೋಗ. ಪರದೆಯ ಮೇಲೆ ಅತ್ತಿಗೆಯು ಬಾವಿಕಟ್ಟೆಯ ಬಳಿ ನಿಂತು, ಈ ಕಂಕಣಗಳು ನಿನ್ನ ಅಗ್ರಜನ ಪ್ರೇಮದ ಕುರುಹಾದರೂ ನಿನ್ನ ಹಸಿವಿನ ಮುಂದೆ ಇವು ಬರಿಯ ಲೋಹವಪ್ಪಾ ಎಂದು ಬಿಕ್ಕಿದರೆ, ಗೋಡೆಯ ಬದಿಯಲ್ಲಿ ಹೊಂಬಾಳೇಗೌಡನು, ಬಳೆ ಓದ್ರೆ ಓಗ್ಲಿ, ಮೊದ್ಲು ಉಣ್ಣು ಅಂತವ್ಳೆ ಕನವ್ವ ಎನ್ನುತ್ತಿದ್ದನು. ದೇವೀರಮ್ಮ ಹ್ಞಾಂ, ಒಳ್ಳೇ ಮಗ್ಳು ಎನ್ನುತ್ತಿದ್ದರು. ಖಳನು ನಕ್ಕರೆ ಗೌಡನು ನಕ್ಕನು. ಚಿತ್ರದ ತಾಯಿ ಅತ್ತರೆ ದನಿ ತಗ್ಗಿಸಿದನು. ಹೀಗೆ ನಡುಪ್ರಾಯದ ಗಂಡಸೊಬ್ಬನು ಗಂಡಸರ ದನಿ, ಹೆಂಗಸರ ದನಿ, ಕಡೆಗೆ ಹಟ್ಟಿಯ ಹಸುವಿನ ದನಿಯನ್ನೂ ತಾನೇ ಆಗಿ ಹೇಳುತ್ತಿರಲಾಗಿ, ಇಂಟರ್ವಲ್ಲಿನ ಹೊತ್ತಿಗೆ ದೇವೀರಮ್ಮ ಅವನ ಮೊಣಕೈಯನ್ನು ತಟ್ಟಿದರು.

“ಆ ಪೆಟ್ಗೆ ಸದ್ದು ವಸಿ ಕಮ್ಮಿ ಮಾಡ್ಲಾ ಮಗ. ನೀ ಯೋಳೋದು ಕೇಳುಸ್ತಾ ಇಲ್ಲ.”

ಹೊಂಬಾಳೇಗೌಡನು ರಿಮೋಟನ್ನು ಕೈಗೆತ್ತಿಕೊಂಡನು. ಆ ರಿಮೋಟು ಎಷ್ಟು ಭಾರವಿತ್ತೆಂದು ಅವನೊಬ್ಬನೇ ಬಲ್ಲ. ಯಂತ್ರದ ಹಣೆಯ ಮೇಲಿನ ನೀಲಿ ಅಂಕಿ ಒಂದೊಂದೇ ಮೆಟ್ಟಿಲು ಇಳಿಯಿತು. ಇನ್ನೂ ಕಮ್ಮಿ ಎಂದರು ದೇವೀರಮ್ಮ. ಇನ್ನೂ ಇಳಿಯಿತು. ಆ ಹಿಂದುಗಡೆ ಒಂದು ಏನೋ ಗೊಣಗ್ತಾನೇ ಅದೆ ನೋಡು ಎಂದರು. ಅದೂ ಹೋಯಿತು. ಕೊನೆಗೆ ಸೊನ್ನೆ ಉಳಿಯಿತು. ನಾಗಸ್ವರದವನ ಉಸಿರನ್ನು ಹಿಡಿದುಕೊಟ್ಟಿದ್ದ ಆ ಕೃಷ್ಣಲೋಹಕಾಯವು ಬಾಯಿಗೆ ಬೀಗ ಹಾಕಿಕೊಂಡು ಮೂಲೆಯಲ್ಲಿ ಬೆಚ್ಚಗೆ ಕುಳಿತಿತು. ಚಿತ್ರದ ಉತ್ತರಾರ್ಧವೆಲ್ಲ ಹೊಂಬಾಳೇಗೌಡನೊಬ್ಬನ ಗಂಟಲಲ್ಲೇ ನಡೆಯಿತು. ನೆನಪಿದ್ದ ಮಾತನ್ನು ಹೇಳಿದನು, ಮರೆತ ಮಾತನ್ನು ಕಟ್ಟಿದನು. ಅಣ್ಣತಮ್ಮಂದಿರು ಒಂದಾಗುವ ಸನ್ನಿವೇಶದಲ್ಲಿ ತಾಯಿಮಗ ಇಬ್ಬರೂ ಅತ್ತರು. ಚಿತ್ರ ಮುಗಿಯುವ ಹೊತ್ತಿಗೆ ಗೌಡನಿಗೆ ಗಂಟಲು ಕಟ್ಟಿಹೋಗಿತ್ತು.

ಪರೀಕ್ಷೆಯ ಗಳಿಗೆ ಬಂದಿತು. ಜಯಶೀಲೆಯು ಮಣೆಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಅತ್ತೆಯ ಎದುರಿಗೆ ಕುಳಿತಳು. ಬಾವಿಕಟ್ಟೆಯ ಹತ್ತಿರ ಅತ್ತಿಗೆ ಮೈದುನನಿಗೆ ಏನಂದಳೆಂದು ಕೇಳಿದಳು. ದೇವೀರಮ್ಮ ತಡೆಯಿಲ್ಲದೆ ಹೇಳಿದರು. ಗದ್ದೆ ಬದುವಿನಲ್ಲಿ ಅಣ್ಣ ಯಾಕೆ ಅತ್ತನೆಂದು ಕೇಳಿದಳು. ಅದನ್ನೂ ಹೇಳಿದರು, ಚಿತ್ರದಲ್ಲಿಲ್ಲದ ಎರಡು ಕಾರಣಗಳನ್ನೂ ಸೇರಿಸಿ ಹೇಳಿದರು. ಹೇಳಿ ಮುಗಿಸಿ, ಮೂಲೆಯ ಕಡೆ ಕೈಮಾಡಿದರು.

“ಪೆಟ್ಗೆ ಬೋ ಚೆಂದಾಗದೆ ಕನವ್ವ. ಒಂದಕ್ಸರ ಬುಡ್ದಂಗೆ ಕೇಳುಸ್ತು.”

ಜಯಶೀಲೆಯು ತಿರುಗಿ ಪೆಟ್ಟಿಗೆಯ ಕಡೆ ನೋಡಿದಳು. ಅದರ ಹಣೆಯ ಮೇಲೆ ನೀಲಿಯ ಸೊನ್ನೆ ಹೊಳೆಯುತ್ತಿತ್ತು. ಗಣಿತದವಳಿಗೆ ಸೊನ್ನೆಯ ಬೆಲೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಗೌಡನು ಗೋಡೆಗೆ ಒರಗಿ, ಬೆವತು, ಅವ್ವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ತೀರ್ಪಿಗಾಗಿ ಕಾಯುತ್ತಿದ್ದನು.

“ಇರ್ಲಿ ಬಿಡಿ,” ಎಂದಳು ಜಯಶೀಲೆ.

ವೀರನು ವಿಜಯಘೋಷ ಮಾಡಲೆಂದು ಬಾಯಿ ತೆರೆದನು. ದನಿಯೇ ಹೊರಡಲಿಲ್ಲ. ಜಯಶೀಲೆ ಎದ್ದು ಅವನಿಗೆ ಬಿಸಿನೀರು ಕಾಯಿಸಲು ಒಳಗೆ ಹೋದಳು.